ಬದುವಿಗೆಂದು ಬಿಟ್ಟ ಮನೆ

ಕರೆಂಟು ಬಂದ ಮೊದಲ ಗಳಿಗೆಯಲ್ಲಿ ಯಂತ್ರಕ್ಕೆ ಏನೂ ಗೊತ್ತಿರುವುದಿಲ್ಲ. ಎಲ್ಲಿ ಕೂರಬೇಕು, ಸಾಮಾನು ಎಲ್ಲಿಡಬೇಕು, ನಿನ್ನೆ ಕೆಲಸ ಎಲ್ಲಿಗೆ ನಿಂತಿತ್ತು, ಒಂದೂ ತಿಳಿಯದು. ಆಗ ಅದನ್ನು ಕೈಹಿಡಿದು ಎಬ್ಬಿಸಿ, ಜಾಗ ಒರೆಸಿ, ಇಲ್ಲಿ ಕೂತುಕೋ, ಇದು ನಿನ್ನ ಹಲಗೆ, ಇದು ನಿನ್ನ ಬಳಪ ಎಂದು ತೋರಿಸಿ, ಆಮೇಲೆ ಕರ್ನಲ್ ಎಂಬ ಮುಖ್ಯ ಕೆಲಸಗಾರನಿಗೆ ಒಪ್ಪಿಸಿ ಪಕ್ಕಕ್ಕೆ ಸರಿದುಬಿಡುವ ಇನ್ನೂರು ಮುನ್ನೂರು ಸಾಲುಗಳಿರುತ್ತವೆ. ಅದಕ್ಕೆ ಬೂಟ್ ಕೋಡ್ ಎನ್ನುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಮಿಕ್ಕ ದಿನವೆಲ್ಲ ಕರ್ನಲ್ಲಿನದೇ ಕಾರುಬಾರು. ಹಾಗಾಗಿ ಒಮ್ಮೆ ಸರಿಯಾಗಿ ಎದ್ದು ನಿಂತ ಯಂತ್ರದಲ್ಲಿ ಆ ಸಾಲುಗಳ ಮುಖವನ್ನು ಮತ್ತೆ ಯಾರೂ ನೋಡುವುದಿಲ್ಲ.

ತಮ್ಮನೂ ಇಪ್ಪತ್ತೊಂದು ವರ್ಷ ನೋಡಿರಲಿಲ್ಲ.

ಊರಿನ ಅಂಚಿನಲ್ಲಿ, ಹಿಂದೆ ಬಿತ್ತನೆ ಬೀಜದ ಗೋದಾಮಾಗಿದ್ದ ತಗಡಿನ ಕಟ್ಟಡದಲ್ಲಿ, ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆ ಇತ್ತು. ಮಳೆ ಬಂದ ದಿನ ಗೋಡೆಗಳಿಂದ ಇನ್ನೂ ಹಳೆಯ ಕಾಳಿನ ವಾಸನೆ ಏಳುತ್ತಿತ್ತು. ಅಲ್ಲಿ ತಮ್ಮನ ಮೇಜು ಕಿಟಕಿಯ ಕೆಳಗೆ. ಐವತ್ತು ದಾಟಿ ಮೀಸೆ ನೆರೆತರೂ ಎಲ್ಲರಿಗೂ ಅವನು ತಮ್ಮನೇ. ಮೊದಲ ದಿನ ಅಕ್ಕ ಅವನ ತೋಳು ಹಿಡಿದು ಕರೆತಂದು, “ಇವನು ನನ್ನ ತಮ್ಮ. ಓದಿದಾನೆ, ಆದ್ರೆ ಕೆಲಸ ಬರಲ್ಲ. ಕಲಿಸಿಕೊಡಿ” ಎಂದು ಮೇಷ್ಟ್ರ ಮುಂದೆ ನಿಲ್ಲಿಸಿದ್ದಳು. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಮೇಷ್ಟ್ರು ಎಂದರೆ ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಆ ಪೆಟ್ಟಿಗೆಗಳ ಒಳಗಿನ ಪುಟ್ಟ ಕರ್ನಲ್ಲನ್ನು, ಅದನ್ನು ಎಬ್ಬಿಸುವ ಬೂಟ್ ಕೋಡನ್ನು, ಒಂದೊಂದು ಸಾಲೂ ಬಿಡದೆ ಬರೆದವರು ಅವರೇ. ಹೊಲದಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಅವರ ಪಾಠವೆಲ್ಲ ಹೊಲದ ಭಾಷೆಯಲ್ಲೇ. ಮೆಮೊರಿ ಅಂದರೆ ಹೊಲ ಎನ್ನುವರು. ಕಾಗದದ ಮೇಲೆ ಉದ್ದಕ್ಕೆ ಚೌಕಗಳನ್ನು ಗೀಚಿ, ಒಂದೊಂದು ಚೌಕವೂ ಒಂದೊಂದು ಮನೆ, ಒಂದು ಮನೆಯಲ್ಲಿ ಒಂದೇ ಅಂಕಿ ಹಿಡಿಸುವುದು ಎಂದು ತೋರಿಸುವರು. ಯಂತ್ರ ಎದ್ದ ಕೂಡಲೇ ಹಳೆಯ ಅಂಕಿಗಳನ್ನೆಲ್ಲ ಒರೆಸಿ ಸೊನ್ನೆ ಮಾಡಬೇಕು. ಇಲ್ಲದಿದ್ದರೆ ನಿನ್ನೆಯ ಕೂಳೆ ಇವತ್ತಿನ ಪೈರಿನ ಜೊತೆ ಎದ್ದುಬರುತ್ತದೆ. ಆದರೆ ಎಲ್ಲವನ್ನೂ ಒರೆಸುವ ಹಾಗಿಲ್ಲ. ಹೊಲದ ಕೊನೆಯಲ್ಲಿ ಒಂದಿಷ್ಟು ಮನೆಗಳಿಗೆ ಸಣ್ಣ ಬ್ಯಾಟರಿಯ ಕಾವಲು ಇದೆ. ಕರೆಂಟು ಹೋದರೂ ಅಲ್ಲಿಯ ಅಂಕಿ ಉಳಿಯಬೇಕು. ಮೊಟ್ಟೆ ಇಟ್ಟು ಎಷ್ಟು ದಿನವಾಯಿತು, ಯಾವ ದಿನ ಏನು ಮಾಡಬೇಕು ಎಂಬುದೆಲ್ಲ ಅಲ್ಲಿರುತ್ತದೆ. ಒರೆಸುವ ಕೈ ಅದರ ಗಡಿಗೆ ಬಂದು ನಿಲ್ಲಬೇಕು.

ಈಗ ಆ ಹಳೆಯ ಚಿಪ್ ತಯಾರಾಗುವುದೇ ನಿಂತುಹೋಗಿತ್ತು. ಹೊಸ ಚಿಪ್ಪಿನ ಭಾಷೆ ಬೇರೆ. ಕರ್ನಲ್ಲಿನ ಬಹುಪಾಲು ಹಾಗೇ ಬರುತ್ತಿತ್ತು, ಬೂಟ್ ಕೋಡ್ ಮಾತ್ರ ಬರುತ್ತಿರಲಿಲ್ಲ. ಅದನ್ನು ಒಂದೊಂದೇ ಸಾಲು ಓದಿ, ಅರ್ಥ ಮಾಡಿಕೊಂಡು, ಹೊಸದಾಗಿ ಬರೆಯಬೇಕು. ತೀರಿಕೊಂಡು ಎಂಟು ವರ್ಷವಾಗಿದ್ದ ಮೇಷ್ಟ್ರ ಬರಹವನ್ನು ತಮ್ಮ ಬಿಚ್ಚಿದ್ದು ಹೀಗೆ.

ಎದುರು ಮೇಜಿನಲ್ಲಿ ತಂತಿ ಬೆಸೆಯುತ್ತಿದ್ದ ಹೆಂಗಸನ್ನು ಎಲ್ಲರೂ ಬೆಸುಗೆಯಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ಆ ಹೊಗೆ ಕುಡಿದು ಅವಳ ಕನ್ನಡಕದ ಗಾಜೇ ಹಳದಿಯಾಗಿತ್ತು. ಎರಡು ದಿನದಿಂದ ತಲೆಯೆತ್ತದೆ ಕೂತವನನ್ನು ನೋಡಿ, ಬೂಟಿಗೆ ಇಷ್ಟೊತ್ತು ಪಾಲಿಶ್ ಹಾಕುವವನನ್ನು ನಾನು ಕಂಡೇ ಇಲ್ಲ ಎಂದು ಕಿಚಾಯಿಸಿದಳು. ತಮ್ಮ ನಕ್ಕ. ಓದುವುದರಲ್ಲಿ ಅವನಿಗೆ ಖುಷಿಯೇ ಆಗುತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಇತ್ತು. ಇಲ್ಲಿ ಸ್ಟ್ಯಾಕಿಗೆ, ಅಂದರೆ ಅರ್ಧಕ್ಕೆ ಬಿಟ್ಟ ಕೆಲಸ ಪೇರಿಸಿಡಲು, ಜಾಗ ಗುರುತು ಮಾಡಿದ್ದಾರೆ, ಇಲ್ಲಿ ಮೋಟಾರುಗಳ ಕೈಕಟ್ಟಿದ್ದಾರೆ, ಯಂತ್ರಕ್ಕೆ ಎಚ್ಚರ ಬರುವ ಮೊದಲೇ ಕೈಕಾಲು ಆಡಿಸದಿರಲಿ ಅಂತ.

ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅವನು ಒರೆಸುವ ಸಾಲುಗಳಿಗೆ ಬಂದ. ಐದೇ ಸಾಲು. ಮನೆಯಲ್ಲಿ ಸೊನ್ನೆ ಇಡು. ಮುಂದಿನ ಮನೆಗೆ ಹೋಗು. ಗಡಿಯ ಗುರುತಿಗೆ ಹೋಲಿಸಿ ನೋಡು. ಗಡಿಗಿಂತ ಕಡಿಮೆ ಇದ್ದರೆ, ಅಥವಾ ಸಮ ಇದ್ದರೆ, ಮತ್ತೆ ಮೊದಲಿಗೆ ಹೋಗು.

ಅಥವಾ ಸಮ ಇದ್ದರೆ.

ಅವನು ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲಿಟ್ಟು ಹಾಗೇ ಕೂತ. ಸಮ ಇರುವಾಗ ನಿಲ್ಲಬೇಕು. ಇದು ನಿಲ್ಲುವುದಿಲ್ಲ. ಗಡಿ ದಾಟಿ ಆಚೆಯ ಒಂದು ಮನೆಯನ್ನೂ ಒರೆಸಿ ಆಮೇಲೆ ನಿಲ್ಲುತ್ತದೆ. ಒಂದೇ ಒಂದು ಮನೆ. ಆಚೆಯ ಮೊದಲನೆಯ ಮನೆ. ಅದರಲ್ಲಿ ಏನಿದೆ ಎಂದು ಅವನು ಪಟ್ಟಿ ತೆಗೆದು ನೋಡುವ ಅಗತ್ಯವಿರಲಿಲ್ಲ. ಅದರಲ್ಲಿ ಆ ಅಂಕಿಯನ್ನು ಇಟ್ಟವನು ಅವನೇ.

ಕಪಾಟಿನಲ್ಲಿ ಮೇಷ್ಟ್ರ ನೋಟುಪುಸ್ತಕ ಇತ್ತು. ಅದರ ಬೆನ್ನು ಇಲಿ ಕಡಿದಿತ್ತು. ಮೆಮೊರಿಯ ಹೊಲ ಬರೆದಿದ್ದ ಪುಟ ಸಿಕ್ಕಿತು. ಸಾಲು ಸಾಲು ಚೌಕಗಳು, ಒಂದು ದಪ್ಪ ಗೆರೆ, ಗೆರೆಯ ಆಚೆಯ ಮೊದಲ ಚೌಕದ ತುಂಬ ಅಡ್ಡಗೀಟು. ಪಕ್ಕದಲ್ಲಿ ಅವರ ದುಂಡು ಅಕ್ಷರ: “ಬದು. ನೇಗಿಲು ತಿರುಗೋಕೆ ಜಾಗ. ಇಲ್ಲಿ ಏನೂ ಬಿತ್ತಬೇಡ.”

ಅವರಿಗೆ ಗೊತ್ತಿತ್ತು. ಐದು ಸಾಲನ್ನು ತಿದ್ದುವ ಬದಲು, ನೇಗಿಲು ಒಂದು ಮಾರು ಮುಂದೆ ಹೋಗುತ್ತದಲ್ಲವಾ, ಹೋಗಲಿ, ಅಲ್ಲಿ ಬದು ಬಿಟ್ಟರಾಯಿತು ಎಂದು ಬಿಟ್ಟಿದ್ದರು. ಅವರ ಸ್ವಭಾವವೇ ಅಷ್ಟು. ಓಡುತ್ತಿರುವುದನ್ನು ಕೆದಕುವವರಲ್ಲ. ಕರ್ನಲ್ಲಿನ ಪಟ್ಟಿಯಲ್ಲೂ ‘ಬದು’ ಎಂಬ ಹೆಸರಿನ ಒಂದು ಖಾಲಿ ಮನೆ ಬಹಳ ವರ್ಷ ಇತ್ತು. ಅದರಲ್ಲಿ ಯಾರೂ ಏನೂ ಇಡುತ್ತಿರಲಿಲ್ಲ, ಅದನ್ನು ಯಾರೂ ಓದುತ್ತಿರಲಿಲ್ಲ. ಮೇಷ್ಟ್ರು ಹೋದ ಮರುವರ್ಷ ತಮ್ಮ ಎಲ್ಲವನ್ನೂ ಅಚ್ಚುಕಟ್ಟು ಮಾಡಲು ಹೊರಟಾಗ ಅದನ್ನು ನೋಡಿ, ಮುದುಕರ ತಮಾಷೆ ಇರಬೇಕು ಎಂದು ತೆಗೆದುಹಾಕಿದ್ದ. ಹಿಂದಿನ ಮನೆಗಳೆಲ್ಲ ಒಂದೊಂದು ಹೆಜ್ಜೆ ಮುಂದಕ್ಕೆ ಬಂದವು. ಮೊದಲ ಮನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲೇ ಇರಲಿ ಎಂದು, ನಿಲ್ಲಿಸುವ ದಿನದ ಅಂಕಿಯನ್ನು ಇಟ್ಟಿದ್ದ.

ಕೋಳಿಮೊಟ್ಟೆಗೆ ಇಪ್ಪತ್ತೊಂದು ದಿನದ ಕಾವು. ಹದಿನೆಂಟು ದಿನ ತಟ್ಟೆಗಳು ಗಂಟೆಗೊಮ್ಮೆ ಈ ಕಡೆ ಆ ಕಡೆ ವಾಲುತ್ತಿರಬೇಕು. ಹದಿನೆಂಟಕ್ಕೆ ವಾಲಾಟ ನಿಂತು, ಒಳಗೆ ತೇವ ಏರಬೇಕು. ಆಗ ಮರಿ ತಲೆಯನ್ನು ಗಾಳಿಯ ಕಡೆ ತಿರುಗಿಸಿಕೊಂಡು ಹೊರಗೆ ಬರಲು ಅಣಿಯಾಗುತ್ತದೆ. ಬಾತುಮೊಟ್ಟೆಗಾದರೆ ಆ ದಿನ ಬೇರೆ. ಅದಕ್ಕೇ ಮೊಟ್ಟೆ ತುಂಬುವಾಗ ಆ ಅಂಕಿಯನ್ನು ಕೈಯಾರೆ ಒತ್ತಿ ಹೇಳಬೇಕು. ಅಲ್ಲಿ ಸೊನ್ನೆ ಇದ್ದರೆ ನಿಲ್ಲಿಸುವ ದಿನ ಇಲ್ಲ ಎಂದು ಯಂತ್ರದ ಲೆಕ್ಕ. ಅದು ವಾಲಾಡಿಸುತ್ತಲೇ ಇರುತ್ತದೆ, ತೇವ ಏರಿಸುವುದಿಲ್ಲ.

ತಮ್ಮ ಎದ್ದು, ಮೂಲೆಯಲ್ಲಿದ್ದ ಹಳೆಯ ಚಿಪ್ಪಿನ ಸಣ್ಣ ಪೆಟ್ಟಿಗೆಯೊಂದನ್ನು ಮೇಜಿಗೆ ಎಳೆದ. ಹದಿನೆಂಟು ಒತ್ತಿದ. ಗೋಡೆಯಿಂದ ಪ್ಲಗ್ಗನ್ನು ಕಿತ್ತು, ನೂರರವರೆಗೆ ಎಣಿಸಿ, ಮತ್ತೆ ಸಿಕ್ಕಿಸಿದ. ಸೊನ್ನೆ. ಮತ್ತೆ ಒತ್ತಿ, ಮತ್ತೆ ಕಿತ್ತ. ಸೊನ್ನೆ. ಮೂರನೆಯ ಸಲವೂ ಸೊನ್ನೆ ಕಂಡು ಪ್ಲಗ್ಗನ್ನು ಕಿತ್ತು ನೆಲದ ಮೇಲೆ ಬಿಟ್ಟ.

ಬೆಸುಗೆಯಮ್ಮ ಕನ್ನಡಕ ಹಣೆಗೇರಿಸಿ ಏನಾಯಿತು ಎಂದಳು. ಅವನು ನೋಟುಪುಸ್ತಕವನ್ನು ಮುಚ್ಚಿದ. ಹೇಳಿದ್ದು ಇಷ್ಟು:

“ಅಕ್ಕ ಮರೆತಿರಲಿಲ್ಲ.”

ಬೆಸುಗೆಯಮ್ಮನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಅವಳು ಬಿಸಿಯಾಗಿದ್ದ ಬೆಸುಗೆ ಕಡ್ಡಿಯನ್ನು ಆರಿಸಿ ಅವನ ಎದುರಿನ ಸ್ಟೂಲಿನಲ್ಲಿ ಕೂತಳು.

ಅಕ್ಕ ನೆರೆಯೂರಿನ ಹ್ಯಾಚರಿಯಲ್ಲಿ ಇಪ್ಪತ್ತೆರಡು ವರ್ಷ ಮೊಟ್ಟೆ ನೋಡಿಕೊಂಡವಳು. ಅಲ್ಲಿಗೆ ಯಂತ್ರ ರಿಪೇರಿಗೆ ಬರುತ್ತಿದ್ದ ಮೇಷ್ಟ್ರು, ಪೆಟ್ಟಿಗೆಯ ಥರ್ಮಾಮೀಟರು ಸರಿಯಿದೆಯೇ ಎಂದು ತಿಳಿಯಲು ಅಕ್ಕನನ್ನು ಕರೆಯುತ್ತಿದ್ದರು. ಅವಳು ಒಂದು ಮೊಟ್ಟೆ ತೆಗೆದು, ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಂಡು, ಕಾಲು ಡಿಗ್ರಿ ಜಾಸ್ತಿ ಇದೆ ಎನ್ನುವಳು. ಕಾಲು ಡಿಗ್ರಿ ಜಾಸ್ತಿಯೇ ಇರುತ್ತಿತ್ತು. ಮೇಷ್ಟ್ರು ತಿರುಪು ತಿರುಗಿಸುತ್ತ, ಪೆಟ್ಟಿಗೆಗೂ ಈ ರೆಪ್ಪೆ ಒಂದು ಇದ್ದಿದ್ದರೆ ನಾನು ಇಷ್ಟೆಲ್ಲ ಬರೆಯಬೇಕಾಗಿರಲಿಲ್ಲ ಎನ್ನುವರು. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೂ ಅದೇ ಅಕ್ಕ.

ಆರು ವರ್ಷದ ಹಿಂದೆ, ತಮ್ಮ ಅಚ್ಚುಕಟ್ಟು ಮಾಡಿದ ಕರ್ನಲ್ ಹೊತ್ತ ಮೊದಲ ಪೆಟ್ಟಿಗೆ ಹೋಗಿದ್ದು ಅಕ್ಕನ ಹ್ಯಾಚರಿಗೆ. ಒಳ್ಳೆಯದು ಮೊದಲು ಅವಳಿಗೇ ಸಿಗಲಿ ಎಂದು ಅವನೇ ಹೇಳಿ ಕಳಿಸಿದ್ದ. ಅಕ್ಕ ನಾಲ್ಕು ಸಾವಿರದ ಎಂಟುನೂರು ಮೊಟ್ಟೆ ತುಂಬಿ, ಹದಿನೆಂಟು ಒತ್ತಿ, ತನ್ನ ಪುಸ್ತಕದಲ್ಲಿ ಹದಿನೆಂಟು ಎಂದು ಬರೆದುಕೊಂಡಿದ್ದಳು. ಒಂಬತ್ತನೆಯ ದಿನ ಗಾಳಿಗೆ ಕಂಬ ವಾಲಿ ಕಾಲು ಗಂಟೆ ಕರೆಂಟು ಹೋಯಿತು. ಬಂತು. ಯಂತ್ರ ತಾನಾಗಿ ಎದ್ದಿತು, ಕಾವು ಸರಿಯಿತ್ತು, ಪರದೆಯಲ್ಲಿ ಒಂಬತ್ತನೆಯ ದಿನ ಎಂದೇ ತೋರಿಸುತ್ತಿತ್ತು. ಹದಿನೆಂಟನೆಯ ದಿನ ಅಕ್ಕನ ಮಗಳಿಗೆ ಹೆರಿಗೆ ನೋವು ಬಂತು. ಅಕ್ಕ ಎರಡು ದಿನ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಬದಲಿಗೆ ಬಂದವನು ಕಾವಿನ ಅಂಕಿ ನೋಡಿದ, ಸರಿಯಿದೆ ಎಂದು ಬರೆದ.

ಮೊಮ್ಮಗಳ ಮುಖ ನೋಡಿ ಅಕ್ಕ ಕೆಲಸಕ್ಕೆ ಮರಳಿದಾಗ ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದರೆ ತಟ್ಟೆಗಳು ವಾಲಿದ್ದವು, ಒಳಗಿನ ಗಾಳಿ ಒಣಗಿತ್ತು, ಪರದೆಯಲ್ಲಿ ನಿಲ್ಲಿಸುವ ದಿನ ಸೊನ್ನೆ ಎಂದಿತ್ತು. ಮರಿಗಳು ಸಿಪ್ಪೆಗೆ ಕೊಕ್ಕು ತಾಗಿಸಿ, ಒಣಗಿದ ಪೊರೆಗೆ ಅಂಟಿಕೊಂಡು, ತಿರುಗಲಾರದೆ ಸಿಕ್ಕಿಕೊಂಡಿದ್ದವು. ಅವಳು ಬಿಸಿನೀರಿನ ಬಟ್ಟೆ ಹಿಡಿದು ಒಂದೊಂದನ್ನೇ ಬಿಡಿಸುತ್ತ ಕೂತಳು. ನೂರಾ ಹನ್ನೊಂದು ಬದುಕಿದವು. ಮಿಕ್ಕವು ಮಾರನೆಯ ದಿನದ ಹೊತ್ತಿಗೆ ಸದ್ದು ನಿಲ್ಲಿಸಿದವು.

ಹ್ಯಾಚರಿಯ ಮ್ಯಾನೇಜರು ಯಂತ್ರ ನೋಡಿಕೊಂಡು ಹೋಗಲು ಕಾರ್ಖಾನೆಗೆ ಹೇಳಿ ಕಳಿಸಿದರು. ಹೋದವನು ತಮ್ಮ. ಕರ್ನಲ್ಲಿನ ಪ್ರತಿ ಸಾಲನ್ನೂ ಎರಡು ದಿನ ಓದಿದ. ಬೂಟ್ ಕೋಡ್ ಬಿಚ್ಚಲಿಲ್ಲ. ಅದು ಮೇಷ್ಟ್ರದು, ಅಷ್ಟು ವರ್ಷದಿಂದ ಓಡುತ್ತಿದೆ, ಅದರಲ್ಲಿ ನೋಡುವುದೇನು? ಒಂಬತ್ತನೆಯ ದಿನ ಕರೆಂಟು ಹೋಗಿತ್ತು ಎಂದು ಅಕ್ಕ ಹೇಳಿದಾಗ ಪರೀಕ್ಷೆ ಮಾಡಲೂ ಹೊರಟ. ಆದರೆ ಅಷ್ಟರಲ್ಲಿ ಪೆಟ್ಟಿಗೆಗೆ ಹೊಸ ಮೊಟ್ಟೆ ತುಂಬಿದ್ದರು, ಕರೆಂಟು ಕಿತ್ತು ನೋಡಲು ಮ್ಯಾನೇಜರು ಒಪ್ಪಲಿಲ್ಲ. ಹೋಗಲಿ, ಕರೆಂಟು ಕಿತ್ತರೂ ಪಿನ್ನು ಚುಚ್ಚಿದರೂ ಒಂದೇ ಎಂದುಕೊಂಡು ಅವನು ಪೆಟ್ಟಿಗೆಯ ಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚಿ ಯಂತ್ರವನ್ನು ಮಲಗಿಸಿ ಎಬ್ಬಿಸಿದ. ಹದಿನೆಂಟು ಹಾಗೇ ಉಳಿದಿತ್ತು. ನೋಡಿದೆ, ಸರಿಯಿದೆ ಎಂದು ಅಕ್ಕನಿಗೆ ಹೇಳಿದ. ಪಿನ್ನು ಚುಚ್ಚಿ ಎಬ್ಬಿಸಿದರೆ ಒರೆಸುವ ಐದು ಸಾಲನ್ನು ದಾಟಿಹೋಗುವಂತೆ ಮೇಷ್ಟ್ರು ಬರೆದಿದ್ದರು. ಯಂತ್ರ ಎಲ್ಲಾದರೂ ಸಿಕ್ಕಿಬಿದ್ದಾಗ ಒಳಗೆ ಏನಿತ್ತು ಎಂದು ನೋಡಲು ಅನುಕೂಲವಾಗಲಿ ಎಂದು. ಅದು ಅವನಿಗೆ ಗೊತ್ತಾದದ್ದು ಇವತ್ತು.

‘ಯಂತ್ರದಲ್ಲಿ ದೋಷ ಕಂಡುಬಂದಿಲ್ಲ. ನಿಲ್ಲಿಸುವ ದಿನ ನಮೂದಾಗಿರಲಿಲ್ಲ’ ಎಂದು ತಮ್ಮ ಬರೆದು ಸಹಿ ಹಾಕಿದ. ಪುಸ್ತಕದಲ್ಲಿ ಬರೆದುಕೊಂಡು, ಮಗಳ ಹೆರಿಗೆಯ ಚಿಂತೆಯಲ್ಲಿ ಒತ್ತುವುದನ್ನು ಮರೆತಿರಬೇಕು, ಯಾರಿಗಾದರೂ ಆಗುವಂಥದ್ದೇ ಎಂದು ಮ್ಯಾನೇಜರು ಮೆತ್ತಗೆ ಹೇಳಿ, ಅಕ್ಕನ ಕೈಗೂ ತಪ್ಪೊಪ್ಪಿಗೆಯ ಒಂದು ಕಾಗದ ಕೊಟ್ಟರು. ಅಕ್ಕ ತಮ್ಮನ ಮುಖ ನೋಡಿದಳು. ಅವನು ಕಿಟಕಿಯ ಕಡೆ ನೋಡಿದ. ಅವಳು ಸಹಿ ಹಾಕಿದಳು. ತಿಂಗಳೊಳಗೆ ಕೆಲಸ ಬಿಟ್ಟಳು. ಯಾರೂ ಬಿಡು ಎಂದಿರಲಿಲ್ಲ. ಆಮೇಲೆ ಇಂಥದ್ದು ಆಗದಿರಲಿ ಎಂದು, ಕರೆಂಟು ಹೋಗಿ ಬಂದಾಗಲೆಲ್ಲ ಅಂಕಿಯನ್ನು ಮತ್ತೊಮ್ಮೆ ಒತ್ತಿ ಎಂಬ ಚೀಟಿಯನ್ನು ತಮ್ಮನೇ ಬರೆದು ಎಲ್ಲ ಪೆಟ್ಟಿಗೆಗಳ ಮೇಲೆ ಅಂಟಿಸಿದ. ಆ ಚೀಟಿಯ ಹಿಂದೆ ತಪ್ಪು ಆರು ವರ್ಷ ಬೆಚ್ಚಗೆ ಕೂತಿತ್ತು.

ತಮ್ಮ ಕಂಡುಹಿಡಿದದ್ದನ್ನು ಕೇಳಿ ಬೆಸುಗೆಯಮ್ಮ ನೆಲದ ಮೇಲಿದ್ದ ಪ್ಲಗ್ಗನ್ನು ಎತ್ತಿ ಮೇಜಿನ ಮೇಲಿಟ್ಟಳು.

“ಈಗ ಹೇಳಿದ್ರೆ ಆಕೆಗೆ ಏನು ಸಿಗುತ್ತೆ?” ಎಂದ ತಮ್ಮ.

“ಸಿಗೋದು ಬಿಡೋದು ಅವಳಿಗೆ ಬಿಟ್ಟಿದ್ದು. ನಿನ್ನ ಹತ್ರ ಇರೋದು ಅವಳದ್ದು, ಕೊಟ್ಟು ಬಾ,” ಎಂದಳು. ಆಮೇಲೆ, “ನಾಳೆ ಅಂತ ಎಳೀಬೇಡ. ನಾಳೆ ಅಂದೋರು ಹೋಗಲ್ಲ, ನಿನ್ನನ್ನ ನಾನು ನೋಡಿಲ್ವಾ,” ಎಂದು ಎದ್ದಳು.

ಅವನು ಕಾರ್ಖಾನೆಯ ಯಜಮಾನರ ಕೋಣೆಗೆ ಹೋದ. ಅವರು ಪೂರ್ತಿ ಕೇಳಿಸಿಕೊಂಡರು. ಹೊಸ ಯಂತ್ರದಲ್ಲಿ ಸರಿಮಾಡು, ಹಳೆಯವಕ್ಕೂ ಹೋಗಿ ಸರಿಮಾಡಿ ಬಾ ಎಂದರು. ಆ ಹ್ಯಾಚರಿ ಕೈಬದಲಾಗಿ ಆಗಿನ ಮ್ಯಾನೇಜರು ಎಲ್ಲಿದ್ದಾರೋ, ಯಾರಿಗೆ ಹೇಳುವುದು ಎಂದು ಕೇಳಿದರು. ಆದರೂ ತಮ್ಮ ಬರೆದುಕೊಂಡು ಹೋಗಿದ್ದ ಕಾಗದಕ್ಕೆ ಎರಡು ಮಾತಾಡದೆ ಸಹಿ ಹಾಕಿ, ಮೊಹರು ಒತ್ತಿ, ಮಡಿಸಿ ಅವನ ಕೈಗಿಟ್ಟರು.

ಅಕ್ಕನ ಮನೆ ಬಸ್ ಡಿಪೋದ ಹಿಂದಿನ ಸಾಲುಮನೆಗಳಲ್ಲಿ ಎರಡನೆಯದು. ಡಿಪೋದ ಗೋಡೆಯ ಆಚೆ ಬಸ್ಸುಗಳ ಕೆಳಗೆ ಮಲಗಿ ರಿಪೇರಿ ಮಾಡುವವರ ಸುತ್ತಿಗೆ ಸದ್ದು ಹಗಲೆಲ್ಲ ಕೇಳುತ್ತಿತ್ತು. ಮಧ್ಯಾಹ್ನ ಮೂರು ಗಂಟೆ. ಮಗಳು ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೋಗಿದ್ದರು. ಬಾಗಿಲು ತೆರೆದ ಅಕ್ಕ, ಇದೇನು ದಾರಿ ತಪ್ಪಿ ಬಂದೆಯಾ ಎಂದಳು. ಅವನು ಬಂದುಹೋಗಿ ಮೂರು ತಿಂಗಳಾಗಿತ್ತು.

ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಒಂದು ಸ್ಲೇಟು ತೂಗುಹಾಕಿತ್ತು. ಅಕ್ಕ ಹಾಲಿಗೆ ಒಲೆ ಹಚ್ಚಿ ಅದರ ಮೇಲೆ ಬಳಪದಿಂದ ಒಂದು ಗೀಟು ಎಳೆದಳು. ಚಹಾ ಆದ ಮೇಲೆ ಒಲೆ ಆರಿಸಿ ಗೀಟು ಒರೆಸಿದಳು. ಲೋಟ ಕೊಟ್ಟು ಕೂತವಳು ಮತ್ತೆ ಎದ್ದು ಹೋಗಿ ಒಲೆಯ ಗುಂಡಿ ಮುಟ್ಟಿ ಬಂದಳು. ಮಾತಿನ ನಡುವೆ ಇನ್ನೊಮ್ಮೆ ಹೋದಳು. ಇದನ್ನು ತಮ್ಮ ಮೊದಲೂ ಕಂಡಿದ್ದ, ಅಕ್ಕನಿಗೆ ವಯಸ್ಸಾಯಿತು ಎಂದುಕೊಂಡಿದ್ದ. ವಯಸ್ಸು ಅರವತ್ತರ ಹತ್ತಿರ ಅಷ್ಟೆ. ಅವಳು ಮೊಮ್ಮಗಳನ್ನು ಎಳೆಗೂಸಾಗಿದ್ದಾಗ ಒಬ್ಬಳೇ ಎತ್ತಿಕೊಳ್ಳುತ್ತಿರಲಿಲ್ಲ, ಸ್ನಾನ ಮಾಡಿಸುತ್ತಿರಲಿಲ್ಲ, ಎಲ್ಲಿ ಕೂರಿಸಿ ಎಲ್ಲಿ ಮರೆತುಬಿಡುತ್ತೇನೋ ಎನ್ನುತ್ತಿದ್ದಳು ಎಂದು ಮಗಳು ಒಮ್ಮೆ ಹೇಳಿ ಅತ್ತಿದ್ದಳು. ಆಗಲೂ ಅವನಿಗೆ ಹೊಳೆದಿರಲಿಲ್ಲ.

ಚಹಾ ಆರಿತು. ಅವನು ಕುಡಿಯಲಿಲ್ಲ. ಅಕ್ಕನೇ, ಹೊಟ್ಟೆಯಲ್ಲಿ ಏನು ಇಟ್ಟುಕೊಂಡು ಬಂದಿದೀಯ, ಹೇಳು ಎಂದಳು.

ಅವನು ಹೇಳಿದ. ಕಾಗದ ಪೆನ್ಸಿಲು ತೆಗೆದು ಚೌಕಗಳನ್ನು ಬರೆದು, ಮೇಷ್ಟ್ರ ಹಾಗೆಯೇ ಹೊಲದ ಭಾಷೆಯಲ್ಲಿ ಹೇಳಿದ. ಒರೆಸುವ ಕೈ ಎಲ್ಲಿ ನಿಲ್ಲಬೇಕಿತ್ತು, ಎಲ್ಲಿ ನಿಂತಿತು, ಮೇಷ್ಟ್ರು ಬಿಟ್ಟ ಬದು ಯಾವುದು, ಅದನ್ನು ತೆಗೆದವನು ಯಾರು. ಪಿನ್ನು ಚುಚ್ಚಿ ನೋಡಿದ್ದನ್ನೂ ಹೇಳಿದ. ಯಾವುದನ್ನೂ ಬಿಡಲಿಲ್ಲ. ಅಕ್ಕ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಗೀಟು ಹಾಕಿದ ಚೌಕದ ಮೇಲೆ ಬೆರಳಿಟ್ಟಳು.

“ಇಷ್ಟೇನಾ?”

“ಇಷ್ಟೇ ಅಕ್ಕ.”

“ಒಂಬತ್ತನೇ ದಿನ ಕರೆಂಟು ಹೋಗಿತ್ತು ಅಂತ ನಾನು ಹೇಳಿದ್ದೆ.”

“ಹೇಳಿದ್ದೆ.”

“ಹದಿನೆಂಟು ಒತ್ತಿದ್ದೆ. ಒಂದು ಒತ್ತಿ, ಆಮೇಲೆ ಎಂಟು. ಎಂಟರ ಗುಂಡಿ ಸ್ವಲ್ಪ ಬಿಗಿ ಇತ್ತು, ಎರಡು ಸಲ ಅಮುಕಬೇಕಾಯ್ತು. ಆಗ ಅದು ಬೆರಳಿಗೆ ನೆನಪಿತ್ತು ಕಣೋ.” ಅವಳು ಆ ಬೆರಳನ್ನೇ ನೋಡಿಕೊಂಡಳು. “ನೀನು ಒತ್ತಿಲ್ಲ ಅಂತ ಬರೆದೆ. ಯಂತ್ರ ನಿನ್ನದು, ಸುಳ್ಳು ಹೇಳೋ ಪೈಕಿ ನೀನಲ್ಲ. ಹಾಗಿದ್ರೆ ಸುಳ್ಳು ಹೇಳ್ತಿರೋದು ಬೆರಳು ಅಂದುಕೊಂಡೆ. ಆಮೇಲೆ ಅದು ಹೇಳಿದ್ದು ಯಾವುದನ್ನೂ ನಂಬೋಕೆ ಆಗ್ಲಿಲ್ಲ.”

ತಮ್ಮ ತಲೆ ತಗ್ಗಿಸಿದ. ಗೋಡೆಯಾಚೆ ಸುತ್ತಿಗೆ ಮೂರು ಪೆಟ್ಟು ಬಿದ್ದು ನಿಂತಿತು. ಅವನು ಜೇಬಿನಿಂದ ಯಜಮಾನರ ಮೊಹರಿನ ಕಾಗದ ತೆಗೆದು ಕೊಟ್ಟ. ತಪ್ಪು ಯಂತ್ರದ್ದು, ಆಕೆಯದಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅಕ್ಕ ಕನ್ನಡಕ ಹುಡುಕಿ, ಹಾಕಿಕೊಂಡು, ತುಟಿಯಾಡಿಸುತ್ತ ಎರಡು ಸಲ ಓದಿದಳು. ಅವಳು ಅಳುತ್ತಾಳೆ, ಇಲ್ಲವೇ ತನ್ನನ್ನು ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಕಾಗದವನ್ನು ಮಡಿಸಿ ಲೋಟದ ಕೆಳಗಿಟ್ಟಳು.

“ಕೊನೇ ದಿನ ಒಳಗಿಂದ ಕುಟ್ಟೋದು ಕೇಳ್ತಿತ್ತು,” ಎಂದಳು. “ನಾನು ಬಿಡಿಸ್ತಾ ಬಿಡಿಸ್ತಾ ಹೇಳ್ತಿದ್ದೆ, ತಪ್ಪಾಯ್ತು, ಮರೆತೆ, ತಪ್ಪಾಯ್ತು ಅಂತ. ಆಗ ಇನ್ನೂ ಯಾರೂ ಏನೂ ಅಂದಿರಲಿಲ್ಲ. ಆದ್ರೂ ಅಂತಿದ್ದೆ. ಯಾರಾದ್ರೂ ಅನ್ನಬೇಕಲ್ಲ.”

ಅವನು ಕೈಚಾಚಿ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಚಹಾ ಹಾಗೇ ಇದೆ, ಬಿಸಿ ಮಾಡಿ ಕೊಡಲಾ ಎಂದಳು. ಬೇಡ ಎಂದ. ಮೊಮ್ಮಗಳ ಶಾಲೆ ನಾಲ್ಕಕ್ಕೆ ಬಿಡುತ್ತದೆ, ನಾನೂ ಆ ಕಡೆಯೇ ಬರುತ್ತೇನೆ, ಬಸ್ಸಿನವರೆಗೆ ಜೊತೆಗೆ ನಡೆಯೋಣ ಎಂದು ಎದ್ದಳು. ಇವತ್ತು ನಾನೇ ಕರೆದುಕೊಂಡು ಬರುತ್ತೇನೆ ಎಂದು ಪಕ್ಕದ ಮನೆಯವಳಿಗೆ ಕೂಗಿ ಹೇಳಿದಳು. ಇಷ್ಟು ದಿನ ಮಗುವನ್ನು ಕರೆತರುತ್ತಿದ್ದವಳು ಆ ಪಕ್ಕದ ಮನೆಯವಳು ಎಂದು ತಮ್ಮನಿಗೆ ಆಗ ತಿಳಿಯಿತು. ಅವನೊಳಗೆ ಏನೋ ಒಂದು ಆಸೆ ತಲೆಯೆತ್ತಿತು.

ಹೊರಗೆ ಬಂದು ಅಕ್ಕ ಚಿಲಕ ಹಾಕಿದಳು, ಬೀಗ ಸಿಕ್ಕಿಸಿ ಕೀಲಿ ತಿರುಗಿಸಿದಳು. ಬೀಗವನ್ನು ಒಮ್ಮೆ ಎಳೆದು ನೋಡಿದಳು. ಮತ್ತೊಮ್ಮೆ ಎಳೆದಳು. ಮೂರನೆಯ ಸಲ ಎಳೆದು, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಇಬ್ಬರೂ ಡಿಪೋದ ಗೋಡೆಗೆ ಒತ್ತಿಕೊಂಡು ಹತ್ತು ಹದಿನೈದು ಹೆಜ್ಜೆ ನಡೆದರು. ಅಷ್ಟರಲ್ಲಿ ಅವಳ ನಡಿಗೆ ನಿಧಾನವಾಯಿತು. ನಿಂತಳು. ತಿರುಗಿ ಬಾಗಿಲ ಕಡೆ ನೋಡಿದಳು.

“ಹಾಕಿದೀಯ ಅಕ್ಕ,” ಎಂದ ತಮ್ಮ. “ನಾನು ನೋಡಿದೆ.”

ಅಕ್ಕ ಅವನ ಮುಖವನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಅವನು ಬಿದ್ದು ಮಂಡಿ ತರಚಿಕೊಂಡು ಬಂದಾಗ ನೋಡುತ್ತಿದ್ದ ನೋಟವೇ ಅದು.

“ನೀನು ಆಗಲೂ ‘ನೋಡಿದೆ’ ಅಂತಾನೇ ಅಂದಿದ್ದೆ ಕಣೋ,” ಎಂದಳು.

ಅವಳು ಹಿಂದಕ್ಕೆ ನಡೆದಳು. ಬೀಗ ಎಳೆಯುವ ಸದ್ದು ಗೋಡೆಯ ಉದ್ದಕ್ಕೂ ಕೇಳಿಸಿತು, ಒಂದು ಸಲ, ಎರಡು ಸಲ. ತಿರುವಿನಲ್ಲಿ ತಮ್ಮನ ಬಸ್ಸು ಬಂದು ನಿಂತು, ಹಾರನ್ನು ಹೊಡೆದು, ಹೊರಟುಹೋಯಿತು. ಅವನು ಕೈ ಎತ್ತಲಿಲ್ಲ. ಅಕ್ಕ ಮುಗಿಸಿ ಬರುವವರೆಗೂ ಗೋಡೆಯ ನೆರಳಿನಲ್ಲಿ ನಿಂತೇ ಇದ್ದ.